ಬಿಲ್ಲು ಓದಿ ರೊಕ್ಕ ಕೊಡ್ರಿ

(ಸಂಜೆಯ ಕಲಿಕಾ ಕೇಂದ್ರದಲ್ಲಿ ಕಲಿಯುವವರ ಮುಂದೆ ಮಾಡಿದ ಭಾಷಣ)



ಇವತ್ತು ನಾವು ಒಂದು ಬಿಲ್ಲು ಓದೋಣ. ಪಾಠದ ಪುಸ್ತಕ ಸ್ವಲ್ಪ ಬದಿಗಿಡ್ರಿ. ಎಲ್ಲರೂ ಕರಿಹಲಗೆ ಕಡೆ ನೋಡ್ರಿ.

ಟಿಕೋಟಾ, ಬಬಲೇಶ್ವರ ಕಡೆಯ ರೈತರಿಗೆ ಪಟ್ಟಿ ಓದುವುದು ಹೊಸದಲ್ಲ. ಒಣದ್ರಾಕ್ಷಿ ಮಾರಿದಾಗ ಅಂಗಡಿಯವರು ಪಟ್ಟಿ ಕೊಡುತ್ತಾರೆ. ಎಷ್ಟು ಕಿಲೋ? ಏನು ದರ? ಹಮಾಲಿ ಎಷ್ಟು ಹಿಡಿದರು? ಸಾಲು ಸಾಲಾಗಿ ನೋಡುತ್ತೇವೆ. ಎರಡು ಕಿಲೋ ಕಡಿಮೆ ಬಿದ್ದರೂ, "ಇದ್ಯಾಕ್ರಿ ಸಾವಕಾರ್ರ?" ಅಂತ ಕೇಳುತ್ತೇವೆ.

ಆದರೆ ಮನೆ ಸ್ವಚ್ಛ ಮಾಡಿದವರು ಬಿಲ್ಲು ಕೊಟ್ಟಾಗ ನಾವು ಕೆಳಗಿನ ಮೊತ್ತ ಒಂದನ್ನೇ ನೋಡುತ್ತೇವೆ. ಎದೆ ಧಸಕ್ ಅನ್ನುತ್ತದೆ. ಕೆಲವರು ಜಗಳಕ್ಕೆ ನಿಲ್ಲುತ್ತಾರೆ. ಕೆಲವರು ಮಂದಿ ನೋಡಿದರೆ ಮರ್ಯಾದೆ ಹೋಗುತ್ತದೆ ಅಂತ ಬಾಯಿ ಮುಚ್ಚಿಕೊಂಡು ಕೊಡುತ್ತಾರೆ. ಜಗಳ ಮಾಡಿದರೆ ಲೆಕ್ಕ ತಿಳಿಯುವುದಿಲ್ಲ. ಸುಮ್ಮನೆ ಕೊಟ್ಟರೂ ತಿಳಿಯುವುದಿಲ್ಲ. ಬಿಲ್ಲು ಓದಬೇಕು. ಸಾಲು ಸಾಲಾಗಿ ಓದಬೇಕು. ಇವತ್ತಿನ ಮಾತು ಇಷ್ಟೇ.

ಕಾಲ ಬದಲಾಗಿದೆ

ಮಾನವಮಿ ಬಂತೆಂದರೆ ಮೊದಲು ಮನೆ ಮಂದಿಯೆಲ್ಲ ಕೂಡಿ ಕೆಲಸ ಮಾಡುತ್ತಿದ್ದರು. ಕೌದಿ, ಹಾಸಿಗೆ, ಜಮಖಾನಿ ಎಲ್ಲ ಗಾಡಿಯಲ್ಲಿ ಹೇರಿಕೊಂಡು ಹಳ್ಳಕ್ಕೋ ಹೊಳೆಗೋ ಹೋಗಿ ಒಗೆದು ತರುತ್ತಿದ್ದರು. ಗೋಡೆಗೆ ಸುಣ್ಣ, ನೆಲಕ್ಕೆ ಸಾರಣಿ. ಬಿಲ್ಲು ಇರಲಿಲ್ಲ.

ಈಗ ಎಷ್ಟೋ ಮನೆಗಳಲ್ಲಿ ಮಕ್ಕಳು ಪುಣೆಯಲ್ಲಿ, ಬೆಂಗಳೂರಿನಲ್ಲಿ ದುಡಿಯುತ್ತಾರೆ. ಊರ ಮನೆಯಲ್ಲಿ ವಯಸ್ಸಾದ ಅವ್ವ, ಅಪ್ಪ ಇರುತ್ತಾರೆ. ಮಗ ಅಲ್ಲಿಂದಲೇ ಫೋನು ಮಾಡಿ ವಿಜಯಪುರದ ಮನೆ ಸ್ವಚ್ಛ ಮಾಡುವವರನ್ನು ಗೊತ್ತು ಮಾಡುತ್ತಾನೆ. ಕೆಲಸ ಮುಗಿದ ಮೇಲೆ ಬಿಲ್ಲು ಬರುವುದು ಮಾತ್ರ ಅವ್ವನ ಕೈಗೆ. ದರ ಮಾತಾಡಿದವನು ಒಬ್ಬ, ರೊಕ್ಕ ಕೊಡುವವಳು ಒಬ್ಬಳು. ಮೋಸಕ್ಕೆ ಇಲ್ಲೇ ದಾರಿ ಆಗುತ್ತದೆ.

ಇಲ್ಲಿ ಕೂತವರಲ್ಲಿ ಇನ್ನೊಬ್ಬರ ಮನೆ ಸ್ವಚ್ಛ ಮಾಡಿ ಹೊಟ್ಟೆ ಹೊರೆಯುವ ಅಕ್ಕಂದಿರೂ ಇದ್ದಾರೆ. ಅವರ ಮಾತನ್ನೂ ಆಡುತ್ತೇನೆ. ಬಿಲ್ಲಿಗೆ ಎರಡು ಕಡೆ ಇರುತ್ತವೆ.

ಹಲಗೆಯ ಮೇಲಿನ ಬಿಲ್ಲು

ಇದು ಪಾಠಕ್ಕೆಂದು ನಾನೇ ಬರೆದ ಬಿಲ್ಲು. ಯಾರ ಮನೆಯದೂ ಅಲ್ಲ. ಮಾತು ಹೀಗೆ ಆಗಿತ್ತು ಅಂತ ತಿಳಿಯಿರಿ: "ಪೂರ್ತಿ ಮನೆಗೆ 2,500 ರೂಪಾಯಿ." ಕೆಲಸದ ದಿನ ಮನೆಯ ಅಕ್ಕ, "ಮ್ಯಾಲಿನ ನೀರಿನ ಟಾಕಿನೂ ತೊಳೀರಿ" ಎಂದು ಹೇಳಿದಳು. ಸಂಜೆ ಬಿಲ್ಲು ಬಂತು.

ಪೂರ್ತಿ ಮನೆ ಸ್ವಚ್ಛತೆ – 2,500
ಬಚ್ಚಲು, ಸಂಡಾಸು – 800
ನೀರಿನ ಟಾಕಿ – 700
ಸಾಬೂನು, ಆಸಿಡ್ ಮುಂತಾದ ಸಾಮಾನು – 600
ಹೆಚ್ಚಿಗೆ ಇಬ್ಬರು ಆಳು – 1,000
ಹೋಗಿ ಬರುವ ಖರ್ಚು – 400
ಜಿಎಸ್‌ಟಿ ಶೇಕಡಾ 18 – 1,080
ಒಟ್ಟು – 7,380

ಎರಡೂವರೆ ಸಾವಿರ ಅಂದದ್ದು ಏಳು ಸಾವಿರ ದಾಟಿತು. ಈಗ ಏನು ಮಾಡಬೇಕು? ಮೂರು ಪ್ರಶ್ನೆ ಕೇಳಬೇಕು.

ಮೊದಲನೆಯ ಪ್ರಶ್ನೆ: ಕೂಡಿಸಿದ್ದು ಸರಿ ಇದೆಯೇ?

ನೀವೇ ಕೂಡಿಸಿ ನೋಡ್ರಿ. ಮೊದಲಿನ ಆರು ಸಾಲು ಕೂಡಿದರೆ 6,000. ಅದಕ್ಕೆ 1,080 ಸೇರಿಸಿದರೆ 7,080. ಬಿಲ್ಲಿನಲ್ಲಿ 7,380 ಇದೆ. 300 ರೂಪಾಯಿ ಹೆಚ್ಚು! ಬೇಕಂತಲೇ ಬರೆದರೋ, ಮರೆತು ಬರೆದರೋ, ಆ ವಿಚಾರ ನಮಗೆ ಬೇಡ. ಕೂಡಿಸಿ ತೋರಿಸಿದರೆ ಸಾಕು. ಲೆಕ್ಕದ ಮುಂದೆ ಯಾರೂ ವಾದ ಮಾಡುವುದಿಲ್ಲ.

ಎರಡನೆಯ ಪ್ರಶ್ನೆ: ಈ ಮಾತು ಮೊದಲೇ ಆಗಿತ್ತೇ?

ಪೂರ್ತಿ ಮನೆ ಅಂದರೆ ಬಚ್ಚಲು, ಸಂಡಾಸು ಬಿಟ್ಟು ಅಲ್ಲ. ಹಾಗಿದ್ದರೆ 800 ಯಾಕೆ? ಸಾಬೂನು ನೀವು ತರಬೇಕು ಅಂತ ಯಾರೂ ಹೇಳಿರಲಿಲ್ಲ. ಇಬ್ಬರು ಆಳು ಹೆಚ್ಚಿಗೆ ತಂದದ್ದು ಮಾಲಕರ ಅನುಕೂಲಕ್ಕೆ. ಪೂರ್ತಿ ಕೆಲಸಕ್ಕೆ ದರ ಮಾತಾಡಿದ ಮೇಲೆ ಆಳಿನ ಲೆಕ್ಕ ನಮಗೆ ಬರುವುದಿಲ್ಲ. ಹೋಗಿ ಬರುವ ಖರ್ಚನ್ನೂ ಹೇಳಿರಲಿಲ್ಲ. ಈ ಖರ್ಚಿನ ಬಗ್ಗೆ ಟಿಕೋಟಾ, ಬಬಲೇಶ್ವರದವರು ಹುಷಾರಿರಬೇಕು. ಅಥಣಿ ರಸ್ತೆ, ಜಮಖಂಡಿ ರಸ್ತೆ ಹಿಡಿದು ಊರಿಗೆ ಬರಲು ಎಷ್ಟು ಕೇಳುತ್ತೀರಿ ಅಂತ ಕರೆಯುವಾಗಲೇ ಕೇಳಬೇಕು.

ಜಿಎಸ್‌ಟಿ ಎಂಬ ತೆರಿಗೆ 2017ರ ಜುಲೈ 1ರಿಂದ ಬಂದಿದೆ. ಅದನ್ನು ಎಲ್ಲರೂ ವಸೂಲು ಮಾಡುವಂತಿಲ್ಲ. ನೋಂದಣಿ ಆದವರು ಮಾತ್ರ ಹಾಕಬಹುದು. ನೋಂದಣಿ ಆದವರ ಬಿಲ್ಲಿನಲ್ಲಿ ಅಂಕಿ, ಇಂಗ್ಲಿಷ್ ಅಕ್ಷರ ಕೂಡಿದ ಒಂದು ಸಂಖ್ಯೆ ಇರುತ್ತದೆ. ಅದರಲ್ಲಿ ಒಟ್ಟು 15 ಅಂಕಿ-ಅಕ್ಷರ. ಕರ್ನಾಟಕದ ನೋಂದಣಿ ಆಗಿದ್ದರೆ ಅದು 29ರಿಂದ ಶುರುವಾಗುತ್ತದೆ. ನಮ್ಮ ಹಲಗೆಯ ಬಿಲ್ಲಿನಲ್ಲಿ ಆ ಸಂಖ್ಯೆ ಇಲ್ಲ. ಸಂಖ್ಯೆ ಇಲ್ಲದೆ ತೆರಿಗೆ ಕೇಳಿದರೆ ಕೊಡಬೇಕಾಗಿಲ್ಲ.

ಮೂರನೆಯ ಪ್ರಶ್ನೆ: ಕೆಲಸ ಆಗಿದೆಯೇ?

ಟಾಕಿ ತೊಳೆಯಲು ಅಕ್ಕನೇ ಹೇಳಿದ್ದಳು. ಹುಡುಗರು ಮೇಲೆ ಹತ್ತಿ ತೊಳೆದಿದ್ದಾರೆ. ದರ ಕೇಳಿರಲಿಲ್ಲ, ನಿಜ. ಆದರೂ ಕೆಲಸ ಆಗಿದೆ. ಅದರ ರೊಕ್ಕ ಕೊಡುವುದು ನ್ಯಾಯ. ತಕರಾರು ಮಾಡುವವರ ಲೆಕ್ಕವೂ ಸ್ವಚ್ಛ ಇರಬೇಕು. 'ಒಂದು ಸಾಲು ಸುಳ್ಳು, ಆದ್ದರಿಂದ ಎಲ್ಲ ಸುಳ್ಳು, ಒಂದು ಪೈಸೆನೂ ಕೊಡೂದಿಲ್ಲ' ಎಂದರೆ ನಮ್ಮ ಮಾತಿಗೆ ತೂಕ ಉಳಿಯುವುದಿಲ್ಲ.

ಈಗ ಲೆಕ್ಕ ಹಾಕೋಣ. ಮನೆಗೆ 2,500. ಟಾಕಿಗೆ 700. ಕೊಡಬೇಕಾದದ್ದು 3,200. ತಕರಾರು ಇರುವುದು ಉಳಿದ 4,180ಕ್ಕೆ. ಅಷ್ಟು ರೊಕ್ಕ ಕೂಲಿ ಮಾಡಿ ಗಳಿಸಲು ಎಷ್ಟು ದಿನ ಬೇಕು? ನಿಮ್ಮ ನಿಮ್ಮ ಕೂಲಿಯಿಂದ ಭಾಗಿಸಿ ನೋಡ್ರಿ. ಆಗ ಬಿಲ್ಲು ಓದುವುದರ ಬೆಲೆ ತಿಳಿಯುತ್ತದೆ.

ಹೇಗೆ ಮಾತಾಡಬೇಕು?

ತಕರಾರು ಅಂದರೆ ಜಗಳವಲ್ಲ. ದನಿ ಏರಿಸಬೇಡಿ. ಬಿಲ್ಲು ಕೈಯಲ್ಲಿ ಹಿಡಿದು ಹೀಗೆ ಮಾತಾಡ್ರಿ.

"ತಮ್ಮಾ, ಕುಂದರಪಾ, ನೀರ ಕುಡಿ. ಬಿಲ್ಲ ಓದೂಣು."

"ಏನ ಓದೂದೈತ್ರಿ ಅಕ್ಕಾರ? ಒಟ್ಟ ಎಷ್ಟಂತ ಕೆಳಗ ಬರದೀನಲ್ರಿ."

"ಕೆಳಗಿಂದು ನೋಡೀನಿ. ಈಗ ಮ್ಯಾಲಿಂದ ಓದೂಣು. ಪೂರ್ತಿ ಮನಿಗೆ ಎರಡೂವರಿ ಸಾವಿರ ಅಂತ ಮಾತಾಗಿತ್ತು. ಬಚ್ಚಲ, ಸಂಡಾಸ ಮನಿ ಒಳಗ ಅದಾವೋ, ಹೊರಗ ಅದಾವೋ?"

"ಒಳಗ ಅದಾವ್ರಿ."

"ಮತ್ತ ಎಂಟನೂರು ಬ್ಯಾರೆ ಯಾಕ ಹಾಕೀರಿ?"

"ಅದು ನಂಗ ಗೊತ್ತಿಲ್ರಿ. ಮಾಲಕರು ಹೇಳಿದಂಗ ಬರದೀನ್ರಿ."

"ಹಂಗಾದ್ರ ನಿನ್ನ ಕೂಡ ನನ್ನ ತಕರಾರಿಲ್ಲ. ಮಾಲಕರಿಗೆ ಫೋನ್ ಹಚ್ಚು."

ಈ ಕೊನೆಯ ಮಾತು ನೆನಪಿಡ್ರಿ. ಬಾಗಿಲಲ್ಲಿ ನಿಂತ ಹುಡುಗ ದರ ಗೊತ್ತು ಮಾಡಿದವನಲ್ಲ. ನೆಲ ಒರೆಸಿದ ಅಕ್ಕನೂ ಅಲ್ಲ. ಅವರನ್ನು ಬೈದರೆ ಬಿಲ್ಲು ಕಡಿಮೆ ಆಗುವುದಿಲ್ಲ. ದರ ಹಾಕಿದವರ ಹತ್ತಿರವೇ ಮಾತಾಡಬೇಕು.

ಒಪ್ಪಿದ 3,200 ರೂಪಾಯಿಯನ್ನು ಅವತ್ತೇ ಕೊಡಿ. ಪಾವತಿ ತಗೊಳ್ರಿ. ಫೋನಿನಲ್ಲಿ ಕಳಿಸಿದರೆ ಇನ್ನೂ ಒಳ್ಳೆಯದು, ಲೆಕ್ಕ ಉಳಿಯುತ್ತದೆ. ಬಿಲ್ಲಿನ ಮೇಲೆ ನೀವೇ ಬರೆಯಿರಿ: "3,200 ಕೊಟ್ಟಿದ್ದೇನೆ. ಉಳಿದದ್ದಕ್ಕೆ ತಕರಾರು ಇದೆ." ತಾರೀಖು ಹಾಕಿ ಸಹಿ ಮಾಡಿ. ಅದರ ಫೋಟೋ ತೆಗೆದಿಡಿ.

ಕೆಲವು ಕಂಪನಿಯವರು ಇನ್ನೊಂದು ಕಾಗದ ಮುಂದೆ ಹಿಡಿಯುತ್ತಾರೆ. "ಕೆಲಸ ಮುಗದೈತಿ, ಇಲ್ಲೊಂದು ಸಹಿ ಮಾಡ್ರಿ" ಅನ್ನುತ್ತಾರೆ. ಅದರಲ್ಲಿ 'ಕೆಲಸವೂ ಬಿಲ್ಲೂ ನನಗೆ ಒಪ್ಪಿಗೆ' ಅಂತ ಬರೆದಿರಬಹುದು. ಓದದೆ ಸಹಿ ಬೇಡ. ಹೆಬ್ಬೆಟ್ಟಂತೂ ಬೇಡವೇ ಬೇಡ. ಹೆಬ್ಬೆಟ್ಟು ಬಿಡಲೆಂದೇ ಅಲ್ಲವೇ ನಾವು ದಿನಾ ಸಂಜೆ ಇಲ್ಲಿ ಸೇರುವುದು?

ಯಾರಾದರೂ ಬೆದರಿಸಿದರೆ, ಮನೆ ಬಿಟ್ಟು ಹೋಗದೆ ಗಲಾಟೆ ಮಾಡಿದರೆ, 112ಕ್ಕೆ ಫೋನು ಮಾಡಿ. ಪೊಲೀಸರ ನೆರವು ಸಿಗುತ್ತದೆ.

ತಕರಾರಿನ ಪತ್ರ

ಬಾಯಿ ಮಾತು ಗಾಳಿಗೆ ಹೋಗುತ್ತದೆ. ಕಾಗದ ಉಳಿಯುತ್ತದೆ. ಮಾಲಕರಿಗೆ ಒಂದು ಪತ್ರ ಬರೆಯಿರಿ. ಇದನ್ನು ನಿಮ್ಮ ಪಾಟಿಯಲ್ಲಿ ಬರೆದು ರೂಢಿ ಮಾಡ್ರಿ.

ತಾರೀಖು: ..........

ಮಾಲಕರಿಗೆ,
.................., ವಿಜಯಪುರ.

ವಿಷಯ: ಬಿಲ್ಲಿನ ಬಗ್ಗೆ ತಕರಾರು.

ಮಾನ್ಯರೇ,
ತಾರೀಖು .......... ರಂದು ನಿಮ್ಮವರು ನಮ್ಮ ಮನೆ ಸ್ವಚ್ಛ ಮಾಡಿದರು. ಪೂರ್ತಿ ಮನೆಗೆ 2,500 ರೂಪಾಯಿ ಎಂದು ಮಾತಾಗಿತ್ತು. ಟಾಕಿ ತೊಳೆದದ್ದಕ್ಕೆ 700 ರೂಪಾಯಿ ಒಪ್ಪುತ್ತೇನೆ. ಒಟ್ಟು 3,200 ಕೊಟ್ಟಿದ್ದೇನೆ. ಉಳಿದ 4,180 ರೂಪಾಯಿ ನನಗೆ ಒಪ್ಪಿಗೆ ಇಲ್ಲ. ಆ ಖರ್ಚನ್ನು ನೀವು ಮೊದಲು ತಿಳಿಸಿರಲಿಲ್ಲ. ಕೂಡಿಸಿದ್ದರಲ್ಲಿ 300 ತಪ್ಪಿದೆ. ಜಿಎಸ್‌ಟಿ ಸಂಖ್ಯೆ ಇಲ್ಲ. 15 ದಿನದೊಳಗೆ ಬಿಲ್ಲು ತಿದ್ದಿ ಕೊಡಿರಿ.
ಇಂತಿ,
.................. (ಸಹಿ)

ಇಷ್ಟೇ. ಬೈಗುಳ ಇಲ್ಲ, ಕಣ್ಣೀರು ಇಲ್ಲ. ತಾರೀಖು, ಅಂಕಿ, ಕಾರಣ ಇವೆ. ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಂಡು ಅಂಚೆಯಲ್ಲಿ ನೋಂದಣಿ ಮಾಡಿ ಕಳಿಸಿ. ಆ ರಸೀದಿ ಜೋಪಾನ ಮಾಡಿ.

ಕಾನೂನು ಏನು ಹೇಳುತ್ತದೆ?

ಮಾಲಕರು ಉತ್ತರ ಕೊಡಲಿಲ್ಲ ಅನ್ನಿ. ಅಥವಾ ಹೆದರಿ ಪೂರ್ತಿ ರೊಕ್ಕ ಕೊಟ್ಟುಬಿಟ್ಟಿದ್ದೀರಿ ಅನ್ನಿ. ದಾರಿ ಮುಗಿಯಲಿಲ್ಲ. ಕೊಟ್ಟ ಮೇಲೂ ಕೇಳುವ ಹಕ್ಕು ಇದೆ.

ನಮ್ಮ ದೇಶದಲ್ಲಿ ಗ್ರಾಹಕರ ರಕ್ಷಣೆಗೆ 1986ರಲ್ಲಿ ಒಂದು ಕಾಯ್ದೆ ಬಂತು. ರಾಷ್ಟ್ರಪತಿಗಳು ಅದಕ್ಕೆ ಒಪ್ಪಿಗೆ ಕೊಟ್ಟದ್ದು ಡಿಸೆಂಬರ್ 24ರಂದು. ಅದಕ್ಕೇ ಪ್ರತಿ ವರ್ಷ ಆ ದಿನ ಗ್ರಾಹಕರ ದಿನ ಮಾಡುತ್ತಾರೆ. ಈಗ ಅದರ ಜಾಗದಲ್ಲಿ 2019ರ ಹೊಸ ಕಾಯ್ದೆ ಇದೆ. ಅದು 2020ರ ಜುಲೈನಲ್ಲಿ ಜಾರಿಗೆ ಬಂತು.

ಗ್ರಾಹಕ ಅಂದರೆ ಸಾಮಾನು ಕೊಳ್ಳುವವರು ಮಾತ್ರವಲ್ಲ. ರೊಕ್ಕ ಕೊಟ್ಟು ಸೇವೆ ಪಡೆಯುವವರೂ ಗ್ರಾಹಕರೇ. ರೊಕ್ಕ ತಗೊಂಡು ಚಿಕಿತ್ಸೆ ಕೊಡುವ ಡಾಕ್ಟರರೂ ಈ ಕಾಯ್ದೆಯೊಳಗೆ ಬರುತ್ತಾರೆ ಎಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ಡಾಕ್ಟರರೇ ಬಂದ ಮೇಲೆ ಮನೆ ತೊಳೆಯುವ ಕಂಪನಿ ಬರದೆ ಇರುತ್ತದೆಯೇ?

ರೊಕ್ಕ ತಗೊಂಡು ಬಿಲ್ಲು ಕೊಡದೆ ಹೋಗುವುದನ್ನೂ 2019ರ ಕಾಯ್ದೆ ತಪ್ಪು ವ್ಯಾಪಾರ ಎನ್ನುತ್ತದೆ. ಆದ್ದರಿಂದ ಬಿಲ್ಲು ಕೇಳಲು ನಾಚಬೇಡಿ.

ಫೋನಿನ ಆ್ಯಪಿನಲ್ಲಿ ಗೊತ್ತು ಮಾಡುವವರು ಇನ್ನೊಂದು ಮಾತು ತಿಳಿಯಬೇಕು. ಕೆಲವರು ಮೊದಲು ಸಣ್ಣ ದರ ತೋರಿಸುತ್ತಾರೆ. ಆಮೇಲೆ ಹನಿ ಹನಿಯಾಗಿ ಒಂದೊಂದೇ ಖರ್ಚು ಸೇರಿಸುತ್ತಾರೆ. ಕೇಂದ್ರ ಸರಕಾರ 2023ರ ನವೆಂಬರ್ 30ರಂದು ಹೊರಡಿಸಿದ ನಿಯಮಗಳಲ್ಲಿ ಇದನ್ನು ತಡೆಯಲಾಗಿದೆ. ಮೊದಲು ತೋರಿಸಿದ ದರದ ಫೋಟೋ ಫೋನಿನಲ್ಲೇ ಉಳಿಸಿಕೊಳ್ಳಿ. ಅದೇ ನಿಮ್ಮ ಸಾಕ್ಷಿ.

ಎಲ್ಲಿಗೆ ಹೋಗಬೇಕು?

ಮೊದಲು 1915ಕ್ಕೆ ಫೋನು ಮಾಡಿ. ಇದು ಗ್ರಾಹಕರ ಸಹಾಯವಾಣಿ. ದುಡ್ಡು ಬೀಳುವುದಿಲ್ಲ. ಕನ್ನಡದಲ್ಲಿ ಮಾತಾಡಬಹುದು. ಅವರು ಕಂಪನಿಗೆ ತಿಳಿಸಿ ರಾಜಿ ಮಾಡಿಸಲು ನೋಡುತ್ತಾರೆ.

ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ನಮ್ಮ ಜಿಲ್ಲೆಯದು ವಿಜಯಪುರದಲ್ಲಿದೆ. ಟಿಕೋಟಾ, ಬಬಲೇಶ್ವರ ಬೇರೆ ತಾಲೂಕು ಆಗಿದ್ದರೂ ಈ ಕೆಲಸಕ್ಕೆ ವಿಜಯಪುರಕ್ಕೇ ಹೋಗಬೇಕು. ಕಂಪನಿ ಬೆಂಗಳೂರಿನದ್ದಾದರೂ ಚಿಂತೆ ಇಲ್ಲ. ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂದು 2019ರ ಕಾಯ್ದೆ ಹೇಳುತ್ತದೆ.

ಸೇವೆಗೆ ಕೊಟ್ಟ ರೊಕ್ಕ 5 ಲಕ್ಷದೊಳಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ. ವಕೀಲರನ್ನು ಇಡಲೇಬೇಕು ಎಂದೂ ಇಲ್ಲ. ನಿಮ್ಮ ಮಾತು ನೀವೇ ಹೇಳಬಹುದು. ಆದರೆ ಎರಡು ವರ್ಷದೊಳಗೆ ದೂರು ಕೊಡಬೇಕು. ಆಯೋಗ ಹೆಚ್ಚಿಗೆ ತಗೊಂಡ ರೊಕ್ಕ ಮರಳಿ ಕೊಡಿಸಬಹುದು. ಪರಿಹಾರ, ಖರ್ಚು ಕೊಡಿಸಬಹುದು. ದೂರನ್ನು ಮೂರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆಯಲ್ಲಿದೆ. ಕೆಲವು ಸಲ ಹೆಚ್ಚು ದಿನವೂ ಹಿಡಿಯುತ್ತದೆ. ಅದಕ್ಕೇ ಮೊದಲು ಪತ್ರ, ಆಮೇಲೆ 1915, ಕೊನೆಗೆ ಆಯೋಗ.

ದೂರು ಬರೆಯಲು ಯಾರ ನೆರವೂ ಇಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಅಲ್ಲಿ ಪುಕ್ಕಟೆ ನೆರವು ಇದೆ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೂ ಇಲ್ಲ. ಅದರ ಫೋನು 15100.

ಒಂದು ವ್ಯತ್ಯಾಸ ತಿಳಿಯಿರಿ. ತಿಂಗಳ ಪಗಾರಕ್ಕೆ ನಿಮ್ಮ ಮನೆಗೆ ಬಂದು ಕಸ, ಮುಸುರೆ ಮಾಡುವ ಅಕ್ಕನ ಮೇಲೆ ಗ್ರಾಹಕರ ಆಯೋಗದಲ್ಲಿ ದೂರು ಕೊಡಲು ಬರುವುದಿಲ್ಲ. ಅವಳು ಕಂಪನಿ ಅಲ್ಲ, ಕೆಲಸಗಾರಳು. ಅವಳ ಕೂಡ ಕೂತು ಮಾತಾಡಿ ಬಗೆಹರಿಸಿಕೊಳ್ಳಬೇಕು.

ಕೆಲಸ ಮಾಡುವ ಅಕ್ಕಂದಿರಿಗೆ

ಗಿರಾಕಿ ಬಿಲ್ಲು ಕಡಿಮೆ ಮಾಡಿಸಿದಾಗ ಕೆಲವು ಮಾಲಕರು, "ಇವತ್ತ ರೊಕ್ಕ ಕಡಿಮಿ ಬಂದೈತಿ" ಅಂತ ನಿಮ್ಮ ಕೂಲಿಗೆ ಕೈ ಹಾಕುತ್ತಾರೆ. ಒಪ್ಪಬೇಡಿ. ಬಿಲ್ಲು ಹೆಚ್ಚು ಬರೆದವರು ಅವರು. ನೀವು ಮಾಡಿದ ಕೆಲಸ ಕಡಿಮೆ ಆಗಿಲ್ಲ.

ಮನೆಗೆಲಸದವರಿಗೂ ಕನಿಷ್ಠ ಕೂಲಿ ಇದೆ. ಕರ್ನಾಟಕ ಸರಕಾರ 2004ರಲ್ಲೇ ಅದನ್ನು ಗೊತ್ತು ಮಾಡಿತು. ಈಗಿನ ದರವನ್ನು ವಿಜಯಪುರದ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಬಹುದು. ಕೂಲಿ ಬರದಿದ್ದರೆ ದೂರು ಕೊಡುವುದೂ ಅಲ್ಲೇ. ಕೇಂದ್ರ ಸರಕಾರ 2021ರಲ್ಲಿ ಶುರು ಮಾಡಿದ ಇ-ಶ್ರಮ್‌ನಲ್ಲಿ ನಿಮ್ಮ ಹೆಸರು ಬರೆಸಿರಿ.

ಒಂದು ಸಣ್ಣ ನೋಟುಬುಕ್ಕು ಇಡ್ರಿ. ಯಾವ ತಾರೀಖು, ಯಾವ ಮನೆ, ಎಷ್ಟು ತಾಸು, ಎಷ್ಟು ಕೂಲಿ, ಎಷ್ಟು ಬಂತು, ಎಷ್ಟು ಬಾಕಿ. ದಿನಾ ಸಂಜೆ ಒಂದು ಸಾಲು ಬರೆಯಿರಿ. ಮಾಲಕರ ಹತ್ತಿರ ಲೆಕ್ಕ ಇರುತ್ತದೆ. ನಿಮ್ಮ ಹತ್ತಿರವೂ ಇರಲಿ.

ಇಲ್ಲಿ ಚೌಕಾಸಿ ಬೇಡ

ಸಂಡಾಸದ ಗುಂಡಿ ಖಾಲಿ ಮಾಡಿಸುವಾಗ ಒಂದು ಟ್ಯಾಂಕರಿಗೆ ಎಷ್ಟು, ಎಷ್ಟು ಟ್ಯಾಂಕರ್ ಆಗಬಹುದು ಅಂತ ಮೊದಲೇ ಕೇಳಿರಿ. ಇಲ್ಲದಿದ್ದರೆ ಬಿಲ್ಲು ಏರುತ್ತದೆ. ಆದರೆ ಮಷೀನಿಗೆ ರೊಕ್ಕ ಹೆಚ್ಚು, ಆಳು ಇಳಿಸಿದರೆ ಕಡಿಮೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಗುಂಡಿಯ ವಿಷಗಾಳಿಯಲ್ಲಿ ಇಳಿದವರು ಕ್ಷಣದಲ್ಲಿ ಪ್ರಾಣ ಬಿಡುತ್ತಾರೆ. 2013ರ ಕಾಯ್ದೆ ಇದನ್ನು ನಿಷೇಧಿಸಿದೆ. ರಕ್ಷಣೆ ಇಲ್ಲದೆ ಮನುಷ್ಯರನ್ನು ಗುಂಡಿಗೆ ಇಳಿಸಿದರೆ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಬಿಲ್ಲು ಉಳಿಸಲು ಹೋಗಿ ಒಬ್ಬರ ಮನೆಯ ದೀಪ ಆರಿಸಬಾರದು.

ಕರೆಯುವ ಮುಂಚೆ

ತಕರಾರು ಮಾಡುವುದಕ್ಕಿಂತ ತಕರಾರು ಬಾರದಂತೆ ಮಾಡುವುದು ಜಾಣತನ. ಫೋನಿನಲ್ಲಿ ಐದು ಮಾತು ಕೇಳಿರಿ.

1. ಒಟ್ಟು ಎಷ್ಟು?
2. ಅದರಲ್ಲಿ ಯಾವ ಯಾವ ಕೆಲಸ ಬಂತು?
3. ಸಾಮಾನು ಯಾರದು?
4. ಹೋಗಿ ಬರುವ ಖರ್ಚು, ತೆರಿಗೆ ಸೇರಿದೆಯೋ ಇಲ್ಲವೋ?
5. ಹೆಚ್ಚಿನ ಕೆಲಸ ಹೇಳಿದರೆ ದರ ಏನು?

ಉತ್ತರವನ್ನು ಚೀಟಿಯಲ್ಲಿ ಬರೆಯಿರಿ. ಪುಣೆಯ ಮಗನಿಗೂ ಹೇಳಿರಿ: "ದರ ಏನ ಮಾತಾಡಿ ಅನ್ನೂದು ನಂಗ ಫೋನಿನ್ಯಾಗ ಬರದ ಕಳಸಪಾ. ಈಗ ನಂಗ ಓದಾಕ ಬರತೈತಿ."

ನಾಳೆ ಬರುವಾಗ ಎಲ್ಲರೂ ಮನೆಯಿಂದ ಒಂದೊಂದು ಬಿಲ್ಲು ತರ್ರಿ. ಕರೆಂಟಿನದಾಗಲಿ, ಕಿರಾಣಿಯದಾಗಲಿ, ಔಷಧದ ಅಂಗಡಿಯದಾಗಲಿ. ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಬ್ಬೊಬ್ಬರೇ ಓದಬೇಕು. ಆಮೇಲೆ ಎಲ್ಲರೂ ಕೂಡಿಸಿ ನೋಡೋಣ.